ಬುಕಾನನ್ ಬಿಟ್ಟುಹೋದ ಹಾವುಮೀನುಗಳು

ಫ್ರಾನ್ಸಿಸ್ ಬುಕಾನನ್ ಎಂದರೆ ಕನ್ನಡಿಗರಿಗೆ ನೆನಪಾಗುವುದು 1800ರ ಪ್ರವಾಸ. ಟಿಪ್ಪು ಮಡಿದ ಮರುವರ್ಷ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟು, ಮೈಸೂರು, ಕೆನರಾ, ಮಲಬಾರುಗಳ ಬೆಳೆ, ಕಂದಾಯ, ಕಸುಬುಗಳನ್ನೆಲ್ಲ ಬರೆದುಕೊಂಡ ಸ್ಕಾಟ್ಲೆಂಡಿನ ವೈದ್ಯ ಆತ. ಆ ದಿನಚರಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದೇ ಮನುಷ್ಯ ಬಂಗಾಳದಲ್ಲಿ ವರ್ಷಗಟ್ಟಲೆ ಮೀನುಗಳ ಬೆನ್ನು ಹತ್ತಿದ್ದ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

1814ರಲ್ಲಿ ಬುಕಾನನ್ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದ. ಉದ್ಯಾನವಿರುವುದು ಹೂಗ್ಲಿಯ ಪಶ್ಚಿಮ ದಡದಲ್ಲಿ. ಎದುರು ದಡವೇ ಗಾರ್ಡನ್ ರೀಚ್. ಆಗ ಅಲ್ಲಿ ಸಿರಿವಂತ ಯುರೋಪಿಯನ್ನರ ಬಂಗಲೆಗಳ ಸಾಲಿತ್ತು. ಕಡಲಿನ ಉಬ್ಬರ ಇಲ್ಲಿಯವರೆಗೂ ಏರಿ ಬರುತ್ತದೆ.

ಕಲ್ಲಿನ ಕರಾವಳಿಗಳಲ್ಲಿ ಹಾವಿನ ಮೈಯ ಪುಟ್ಟ ಮೀನುಗಳು ಬಂಡೆಯ ಸಂದಿಗಳಲ್ಲಿ ಅಡಗಿ ಬದುಕುತ್ತವೆ. ಗಂಗೆಯ ಅಳಿವೆಯಲ್ಲಿ ಇರುವುದು ಕೆಸರು. ಅಂಥದ್ದೇ ನೀಳ ಮೈ ಇಲ್ಲಿ ಕೆಸರು ಕೊರೆಯಲು ಒದಗುತ್ತದೆ. 'ಬೋರೋ' ಎಂಬ ಹಾವುಮೀನು ತನ್ನ ಗಟ್ಟಿ ಬಾಲದ ತುದಿಯಿಂದ ಹಿಮ್ಮುಖವಾಗಿಯೂ ಕೆಸರಿಗೆ ಇಳಿಯಬಲ್ಲದು. ದಾರದಂತೆ ತೆಳ್ಳಗಿನ 'ರಾಯತಾಬೋರುವಾ', ಜೌಗಿನಲ್ಲಿ ಗಾಳಿ ಉಸಿರಾಡುವ 'ಕುಚಿಯಾ' ಇನ್ನೆರಡು. ಇವೆಲ್ಲ ಸ್ಥಳೀಯರ ಬಾಯಲ್ಲಿದ್ದ ಹೆಸರುಗಳು. ಬುಕಾನನ್ ಅವುಗಳನ್ನೇ ವೈಜ್ಞಾನಿಕ ಹೆಸರುಗಳಾಗಿ ಉಳಿಸಿಕೊಂಡ.

1815ರಲ್ಲಿ ಆತ ಊರಿಗೆ ಹೊರಟಾಗ, ಭಾರತೀಯ ಕಲಾವಿದರು ಬರೆದಿದ್ದ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಬಿಡಲಿಲ್ಲ. ಗಂಗೆಯ ಮೀನುಗಳ ಪುಸ್ತಕ 1822ರಲ್ಲಿ ಎಡಿನ್‌ಬರೋದಲ್ಲಿ ಹೊರಬಂತು. ಅದರ 39 ಫಲಕಗಳಲ್ಲಿ ವರ್ಣಿತವಾದ ಎಲ್ಲ ಮೀನುಗಳಿಗೂ ಜಾಗ ಸಿಗಲಿಲ್ಲ. ಇದು ಬರಿಯ ಅಂದಚಂದದ ಕೊರತೆಯಾಗಿರಲಿಲ್ಲ. ಆತ ಹೆಸರಿಟ್ಟ ಬಹುಪಾಲು ಮೀನುಗಳ ಮೂಲ ಮಾದರಿಗಳು ಉಳಿದಿಲ್ಲ. ಹಾಗಾಗಿ ಎರಡು ಹಾವುಮೀನುಗಳಲ್ಲಿ ಯಾವುದು ಬುಕಾನನ್ ಹೇಳಿದ್ದು ಎಂದು ತೀರ್ಮಾನಿಸಲು ಉಳಿಯುವ ಆಧಾರ ವರ್ಣನೆ ಮತ್ತು ಚಿತ್ರ ಮಾತ್ರ.

ಶತಮಾನ ಕಳೆದ ಮೇಲೆ ಆ ಚಿತ್ರಗಳು ಕೆಲಸಕ್ಕೆ ಬಂದವು. ಕಲ್ಕತ್ತೆಯಲ್ಲೇ ಉಳಿದಿದ್ದ ಅವುಗಳನ್ನು ಮೀನುತಜ್ಞ ಸುಂದರ್ ಲಾಲ್ ಹೋರಾ ಅಭ್ಯಾಸ ಮಾಡಿ, ಬುಕಾನನ್‌ನ ಮೀನುಗಳನ್ನು ಗುರುತಿಸಲು ನೆರವಾಗುವ ಬರಹವನ್ನು 1929ರಲ್ಲಿ ಪ್ರಕಟಿಸಿದರು. ತಂದವನ ಕೈಗೆ ಸಿಗದ ಚಿತ್ರಗಳು ಭಾರತದ ವಿಜ್ಞಾನಿಯೊಬ್ಬರಿಗೆ ದಕ್ಕಿದವು.

ಇಂದು 'ಬೋರೋ' ಎಂಬ ಹೆಸರಿನ ಮುಂದೆ ಬುಕಾನನ್ ನಂತರ ಧರಿಸಿದ ಹ್ಯಾಮಿಲ್ಟನ್ ಎಂಬ ಹೆಸರೂ 1822 ಎಂಬ ವರ್ಷವೂ ಇರುತ್ತವೆ. ಆ ಪದವನ್ನು ಆತನಿಗೆ ಹೇಳಿಕೊಟ್ಟ ಬೆಸ್ತರ ಹೆಸರು ಅಲ್ಲಿಲ್ಲ. ಮೈಸೂರಿನ ಮೂರು ಸಂಪುಟಗಳಲ್ಲಿಯೂ ರಾಗಿ, ಅಡಿಕೆಗಳ ಲೆಕ್ಕ ಒಪ್ಪಿಸಿದ ರೈತರಲ್ಲಿ ಬಹುತೇಕರು ಹೀಗೆಯೇ ಹೆಸರಿಲ್ಲದೆ ಉಳಿದಿದ್ದಾರೆ. ಹೂಗ್ಲಿಯ ದಡದವರ ಮಾತಾದರೂ ಮೀನಿನ ಹೆಸರಾಗಿ ಉಳಿಯಿತು.