ವೆನಿಸ್ಸಿನ ದೋಜನ ಆಯ್ಕೆ

ಮಧ್ಯಯುಗದ ಕಲ್ಪಿತ ರಾಜ್ಯಗಳನ್ನು ಕಟ್ಟಿ ಆಡುವ ಕಥಾಕ್ರೀಡೆಗಳಲ್ಲಿ ಸಿಂಹಾಸನವು ಖಡ್ಗದಿಂದಲೋ ವಂಶದಿಂದಲೋ ಪ್ರಾಪ್ತವಾಗುವುದೇ ವಾಡಿಕೆ. ಆದರೆ ಅಂಥ ಯಾವ ಕಲ್ಪಕನೂ ಹೆಣೆಯಲು ಹಿಂಜರಿಯುವಷ್ಟು ಜಟಿಲವಾದ ಚುನಾವಣೆಯೊಂದನ್ನು ವೆನಿಸ್ ಗಣರಾಜ್ಯವು 1268ರಿಂದ ಮೊದಲ್ಗೊಂಡು, 1797ರಲ್ಲಿ ನೆಪೋಲಿಯನ್ನನ ಮುಂದೆ ಅಸ್ತಂಗತವಾಗುವವರೆಗೂ ಪಾಲಿಸಿಕೊಂಡು ಬಂದಿತು.

ರಾಷ್ಟ್ರಾಧ್ಯಕ್ಷನಾದ ದೋಜನು ಮೃತನಾದ ತರುವಾಯ, ಕಿರಿಯ ಸಭಾಸದನೊಬ್ಬನು ಸಂತ ಮಾರ್ಕನ ದೇವಾಲಯಕ್ಕೆ ಹೋಗಿ, ಮೊದಲು ಎದುರಾದ ಬಾಲಕನನ್ನು ಕರೆತರುವನು. ಆ ಬಾಲಕನ ಕೈಯಿಂದ ಗುಂಡುಗಳನ್ನೆತ್ತಿಸಿ ಮಹಾಸಭೆಯಿಂದ 30 ಮಂದಿಯನ್ನೂ, ಅವರೊಳಗಿಂದ ಪುನಃ ಅದೃಷ್ಟದಿಂದಲೇ 9 ಮಂದಿಯನ್ನೂ ಉಳಿಸಿಕೊಳ್ಳುವರು. ಈ ಒಂಬತ್ತು ಮಂದಿ 40 ಜನರನ್ನು ಹೆಸರಿಸಲು, ಅದೃಷ್ಟವು ಅವರನ್ನು 12ಕ್ಕಿಳಿಸುವುದು. ಆ ಹನ್ನೆರಡು ಮಂದಿ 25 ಜನರನ್ನು, ಅವರಲ್ಲುಳಿದ 9 ಮಂದಿ 45 ಜನರನ್ನು, ಅವರಲ್ಲುಳಿದ 11 ಮಂದಿ ಕಟ್ಟಕಡೆಗೆ 41 ಜನರನ್ನು ಆರಿಸಿದ ಮೇಲೆಯೇ, ಇವರಿಂದ ಕನಿಷ್ಠ 25 ಮತಗಳನ್ನು ಪಡೆದವನಿಗೆ ಪದವಿ. ಓದುಗರಿಗೆ ಆಯಾಸವಾಗಿದ್ದರೆ ಅದು ಸಹಜ. ಆಯಾಸವೇ ಈ ವಿಧಾನದ ಮರ್ಮವೆಂದು ನನ್ನ ಊಹೆ, ಏಕೆಂದರೆ ಇಷ್ಟು ತಿರುವುಗಳಲ್ಲಿ ಲಂಚವನ್ನು ಬಿತ್ತುವುದು ಶ್ರೀಮಂತ ಮನೆತನಗಳಿಗೂ ಸುಲಭಸಾಧ್ಯವಾಗಿರಲಾರದು.

ಇಷ್ಟರ ಮೇಲೂ ಗೆದ್ದವನು ನಿರಂಕುಶ ಪ್ರಭುವಲ್ಲ. ಪ್ರತಿಜ್ಞಾಪತ್ರದಿಂದ ಬದ್ಧನಾದ ಅವನಿಗೆ ಪರರಾಜ್ಯಗಳ ಪತ್ರವನ್ನು ಏಕಾಂತದಲ್ಲಿ ತೆರೆಯುವ ಹಕ್ಕೂ ಇರಲಿಲ್ಲ. ಮರಣಾನಂತರ ಅವನ ನಡತೆಯನ್ನು ವಿಚಾರಣೆಗೊಳಪಡಿಸಿ, ದೋಷ ಕಂಡುಬಂದಲ್ಲಿ ವಾರಸುದಾರರಿಂದ ದಂಡವನ್ನು ವಸೂಲುಮಾಡುತ್ತಿದ್ದರು.