ಹಳೇ ವಿಂಡೋಸಿಗೆ ಇಳಿದ ಲ್ಯಾಪ್‌ಟಾಪುಗಳು ಮತ್ತೆ ಮೇಲೆ ಹತ್ತಿದ ಕತೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ಅದಾದ ಮೇಲೆ ನಮಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ.

“ನಮ್ಮ ಲ್ಯಾಪ್‌ಟಾಪ್ ತಗೊಂಡಾಗ 11 ಇತ್ತು. ಸ್ಲೋ ಅಂತ ಅಂಗಡೀಲಿ 10 ಹಾಕಿಸಿದ್ವಿ. ಈಗ ವಾಪಸ್ 11 ಹಾಕಿ ಅಂದ್ರೆ, ಈ ಮಿಷನ್‌ಗೆ ಬರಲ್ಲ, ಹೊಸದು ತಗೊಳ್ಳಿ ಅಂತಾರೆ. ನಿಜಾನಾ?”

11ರ ಜೊತೆಗೇ ಬಂದ ಮಿಷನ್ನಿಗೆ 11 ಬರುವುದಿಲ್ಲ ಎಂದರೆ ನಡುವೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಈ ಎಡವಟ್ಟು ಇವತ್ತಿನದಲ್ಲ. ಸುಮಾರು ಇಪ್ಪತ್ತು ವರ್ಷದಿಂದ, ಪ್ರತಿ ಹೊಸ ವಿಂಡೋಸ್ ಬಂದಾಗಲೂ ಜನ ಹಳೆಯದಕ್ಕೆ ಇಳಿದಿದ್ದಾರೆ. ಕೆಲವು ವರ್ಷ ಕಳೆದ ಮೇಲೆ ಮತ್ತೆ ಹೊಸದಕ್ಕೆ ಹತ್ತಲು ಪರದಾಡಿದ್ದಾರೆ. ನಾವೂ ಪರದಾಡಿದವರೇ. ಆ ಚರಿತ್ರೆ ಗೊತ್ತಿದ್ದರೆ ಅಂಗಡಿಯಲ್ಲಿ ಏನು ಕೇಳಬೇಕು ಎಂಬುದು ಗೊತ್ತಾಗುತ್ತದೆ.

ಎಕ್ಸ್‌ಪಿಗೆ ಇಳಿದ ಕಾಲ

ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್ 25ರಂದು. ಅದರ ನಂತರದ ವಿಸ್ಟಾ ಜನರ ಕೈಗೆ ಸಿಕ್ಕಿದ್ದು 2007ರ ಜನವರಿ 30ಕ್ಕೆ. ನಡುವೆ ಐದು ವರ್ಷಕ್ಕೂ ಹೆಚ್ಚು ಅಂತರ. ಅಷ್ಟರಲ್ಲಿ ಜನ, ಪ್ರಿಂಟರು, ಸ್ಕ್ಯಾನರು, ಅಂಗಡಿಯ ಲೆಕ್ಕದ ಸಾಫ್ಟ್‌ವೇರು ಎಲ್ಲವೂ ಎಕ್ಸ್‌ಪಿಗೆ ಒಗ್ಗಿಹೋಗಿದ್ದವು.

ಎಕ್ಸ್‌ಪಿಗೆ 128 ಎಂಬಿ ರ್‍ಯಾಮ್ ಇದ್ದರೆ ಸಾಕು ಎಂದು ಕಂಪನಿಯೇ ಹೇಳಿತ್ತು. ವಿಸ್ಟಾಗೆ ಕನಿಷ್ಠ 512 ಎಂಬಿ ಬೇಕು, ಅದರ ಗಾಜಿನಂತೆ ಹೊಳೆಯುವ ಪರದೆ ಕಾಣಬೇಕಾದರೆ 1 ಜಿಬಿ. 512 ಎಂಬಿಯ ಲ್ಯಾಪ್‌ಟಾಪಿನಲ್ಲಿ ವಿಸ್ಟಾ ಕುಂಟುತ್ತಿತ್ತು. ‘ವಿಸ್ಟಾ ಕೇಪಬಲ್’ ಎಂಬ ಚೀಟಿ ಅಂಟಿಸಿ ಮಾರಿದ ಕಂಪ್ಯೂಟರುಗಳ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಮೈಕ್ರೋಸಾಫ್ಟ್ ವಿರುದ್ಧ ಕೋರ್ಟಿಗೂ ಹೋದರು.

ಜನ ಎಕ್ಸ್‌ಪಿಯನ್ನೇ ಕೇಳತೊಡಗಿದರು. ಗ್ರಾಹಕರ ಒತ್ತಾಯಕ್ಕೆ ಡೆಲ್ ಕಂಪನಿ 2007ರ ಏಪ್ರಿಲ್‌ನಲ್ಲಿ ಕೆಲವು ಮಾಡೆಲ್‌ಗಳಿಗೆ ಮತ್ತೆ ಎಕ್ಸ್‌ಪಿ ಕೊಡುವುದಾಗಿ ಹೇಳಿತು. ಎಕ್ಸ್‌ಪಿ ಮಾರಾಟ ನಿಲ್ಲಿಸುವ ದಿನವನ್ನು ಮೈಕ್ರೋಸಾಫ್ಟ್ 2008ರ ಜನವರಿಯಿಂದ ಜೂನ್ 30ಕ್ಕೆ ಮುಂದೂಡಿತು. ಅದನ್ನು ಉಳಿಸಿ ಎಂದು ‘ಇನ್ಫೋವರ್ಲ್ಡ್’ ಪತ್ರಿಕೆ ನಡೆಸಿದ ಅಭಿಯಾನಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಹಳೆಯದಕ್ಕೆ ಇಳಿಯುವುದು ಕಳ್ಳದಾರಿಯೇನಲ್ಲ, ಅದಕ್ಕೆ ಲೈಸೆನ್ಸಿನಲ್ಲೇ ‘ಡೌನ್‌ಗ್ರೇಡ್ ಹಕ್ಕು’ ಎಂಬುದಿತ್ತು. ಆದರೆ ಅದು ವಿಸ್ಟಾ ಬಿಸಿನೆಸ್ ಮತ್ತು ಅಲ್ಟಿಮೇಟ್ ಕೊಂಡವರಿಗೆ ಮಾತ್ರ. ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ ಕೊಂಡ ಸಾಮಾನ್ಯ ಮನೆಯವರಿಗೆ ಇರಲಿಲ್ಲ. ನಮ್ಮ ಕಡೆಯ ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ಈ ವ್ಯತ್ಯಾಸ ಯಾರೂ ಕೇಳುತ್ತಿರಲಿಲ್ಲ. ಮಾರ್ಕರ್ ಪೆನ್ನಿನಲ್ಲಿ ‘ಎಕ್ಸ್‌ಪಿ’ ಎಂದು ಬರೆದ ಒಂದೇ ಸಿಡಿ ಊರಿನ ಎಲ್ಲ ಕಂಪ್ಯೂಟರಿಗೂ ಆಗುತ್ತಿತ್ತು.

ಕನ್ನಡಕ್ಕಾಗಿ ಇಳಿದು ಕನ್ನಡ ಕಳೆದುಕೊಂಡದ್ದು

ನಮ್ಮಲ್ಲಿ ಎಕ್ಸ್‌ಪಿ ಬಿಡದಿರಲು ಇನ್ನೊಂದು ಕಾರಣ ಡಿಟಿಪಿ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸ್ಥಳೀಯ ವಾರಪತ್ರಿಕೆ ಎಲ್ಲವೂ ನುಡಿ ಅಥವಾ ಬರಹದಲ್ಲಿ ಟೈಪಾಗಿ ಪೇಜ್‌ಮೇಕರ್‌ನಲ್ಲಿ ಪುಟವಾಗುತ್ತಿದ್ದವು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಎಕ್ಸ್‌ಪಿಯ ಮೇಲೆ ಅದು ಚೆನ್ನಾಗಿ ಓಡುತ್ತಿತ್ತು, ಹೊಸ ವಿಂಡೋಸಿನ ಮೇಲೆ ತಕರಾರು ಮಾಡುತ್ತಿತ್ತು. ಡಿಟಿಪಿಯವರು ಎಕ್ಸ್‌ಪಿ ಹಾಕಿಸಿದ್ದು ಹೊಟ್ಟೆಪಾಡಿಗೆ. ಅದರಲ್ಲಿ ತಪ್ಪು ಹುಡುಕುವಂತಿಲ್ಲ.

ಆದರೆ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಕನ್ನಡದ ‘ತುಂಗಾ’ ಫಾಂಟ್ ಎಕ್ಸ್‌ಪಿಯ ಸಿಡಿಯಲ್ಲೇ ಇತ್ತು. ಅದನ್ನು ಪಡೆಯಲು ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ಪುಟದಲ್ಲಿ ಒಂದು ಟಿಕ್ ಹಾಕಿ, ಮತ್ತೆ ಸಿಡಿ ತುರುಕಬೇಕಿತ್ತು. ಹಾಗೆ ಮಾಡದಿದ್ದರೆ ಕನ್ನಡ ವೆಬ್‌ಸೈಟುಗಳಲ್ಲಿ ಅಕ್ಷರದ ಬದಲು ಚೌಕ ಚೌಕ ಡಬ್ಬಿಗಳು. ವಿಸ್ಟಾದಲ್ಲಿ ಈ ತಾಪತ್ರಯ ಇರಲಿಲ್ಲ, ಮೊದಲ ದಿನದಿಂದಲೇ ಕನ್ನಡ ಕಾಣುತ್ತಿತ್ತು. ಕನ್ನಡದ ಕೆಲಸಕ್ಕೆಂದು ಎಕ್ಸ್‌ಪಿಗೆ ಇಳಿದವರು ಇಂಟರ್ನೆಟ್ಟಿನಲ್ಲಿ ಕನ್ನಡ ಓದಲಾಗದೆ ಕೂತಿದ್ದುಂಟು.

ವಾಪಸ್ ಹತ್ತುವುದು ಆಗ ಎರಡು ವಸ್ತುಗಳ ಮೇಲೆ ನಿಂತಿತ್ತು. ಒಂದು, ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ್ದ 25 ಅಕ್ಷರಗಳ ಕೀ ಚೀಟಿ. ಎರಡು, ಹಾರ್ಡ್‌ಡಿಸ್ಕಿನ ಒಂದು ಮೂಲೆಯಲ್ಲಿ ಕಂಪನಿಯವರೇ ಬಚ್ಚಿಟ್ಟ ರಿಕವರಿ ಭಾಗ. ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಮತ್ತು ಎಫ್10 ಒತ್ತಿದರೆ ಅದು ತೆರೆದು, ಮಿಷನ್ ಅಂಗಡಿಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತಿತ್ತು. ಫಾರ್ಮ್ಯಾಟ್ ಹೊಡೆಯುವಾಗ ಅನೇಕರು ಈ ಭಾಗವನ್ನೂ ಅಳಿಸಿ ‘ಜಾಗ ಉಳಿಸಿದರು’. ಚೀಟಿಯ ಅಕ್ಷರಗಳು ಬಿಸಿಗೆ, ಉಜ್ಜಾಟಕ್ಕೆ ಮಾಸಿಹೋದವು. ಎರಡೂ ಹೋದವರಿಗೆ ದುಡ್ಡು ಕೊಟ್ಟು ಕೊಂಡ ವಿಸ್ಟಾ ಮತ್ತೆ ಸಿಗಲಿಲ್ಲ.

ಇನ್ನೊಂದು ಸಣ್ಣ ತೊಡಕೂ ಇತ್ತು. ಎಕ್ಸ್‌ಪಿಯ ಸಿಡಿಗೆ ಹೊಸ ಬಗೆಯ ಹಾರ್ಡ್‌ಡಿಸ್ಕ್ ಸಂಪರ್ಕ ಗುರುತಾಗುತ್ತಿರಲಿಲ್ಲ, ನೀಲಿ ಪರದೆ ಬಂದು ನಿಲ್ಲುತ್ತಿತ್ತು. ಅದಕ್ಕೆ ರಿಪೇರಿಯವರು ಬಯಾಸ್‌ಗೆ ಹೋಗಿ ‘ಎಎಚ್‌ಸಿಐ’ ಎಂದಿದ್ದದ್ದನ್ನು ‘ಐಡಿಇ’ ಮಾಡುತ್ತಿದ್ದರು. ವಾಪಸ್ ಹೋಗುವಾಗ ಅದನ್ನು ಮತ್ತೆ ಮೊದಲಿನಂತೆ ಮಾಡಲು ಯಾರಿಗೂ ನೆನಪಿರುತ್ತಿರಲಿಲ್ಲ. ಬಯಾಸ್ ಮುಟ್ಟಿದ್ದನ್ನು ಬರೆದಿಡದ ಈ ಅಭ್ಯಾಸವೇ ಮುಂದೆ ದೊಡ್ಡ ತಲೆನೋವಾಯಿತು.

ಸ್ಟಾರ್ಟ್ ಬಟನ್ ಕಾಣೆಯಾದಾಗ

2009ರ ಅಕ್ಟೋಬರ್ 22ಕ್ಕೆ ಬಂದ ವಿಂಡೋಸ್ 7 ಎಲ್ಲರಿಗೂ ಹಿಡಿಸಿತು. 2012ರ ಅಕ್ಟೋಬರ್ 26ಕ್ಕೆ ಬಂದ ವಿಂಡೋಸ್ 8ರಲ್ಲಿ ಎಡಗಡೆ ಮೂಲೆಯ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಮಿಷನ್ ಆನ್ ಮಾಡಿದರೆ ಬಣ್ಣಬಣ್ಣದ ಹಂಚು ಜೋಡಿಸಿದ ಹಾಗೆ ಚೌಕಗಳು. ಶಟ್‌ಡೌನ್ ಎಲ್ಲಿದೆ ಎಂದು ಹುಡುಕಲಾಗದೆ ನೇರ ಪವರ್ ಬಟನ್ ಒತ್ತಿ ಹಿಡಿದವರನ್ನು ನಾವು ಕಂಡಿದ್ದೇವೆ.

ಡಿಪ್ಲೊಮಾ ಕೊನೆಯ ವರ್ಷದಲ್ಲಿ, 2013ರ ಆರಂಭಕ್ಕೆ, ನಾವು ಮೂವರು ಗೆಳೆಯರು ದುಡ್ಡು ಕೂಡಿಸಿ ಒಂದು ಲ್ಯಾಪ್‌ಟಾಪ್ ಕೊಂಡೆವು. ಅದರಲ್ಲಿ ಬಂದದ್ದು ವಿಂಡೋಸ್ 8, ಸಾದಾ ಆವೃತ್ತಿ. ಡೌನ್‌ಗ್ರೇಡ್ ಹಕ್ಕು ಇದ್ದದ್ದು 8 ಪ್ರೊಗೆ ಮಾತ್ರ ಎಂಬುದು ನಮಗೆ ಗೊತ್ತಿರಲಿಲ್ಲ. ಎರಡು ತಿಂಗಳು ಒದ್ದಾಡಿ, ತಾಲ್ಲೂಕು ಕೇಂದ್ರದ ಒಂದು ಅಂಗಡಿಗೆ ಹೋಗಿ, 300 ರೂಪಾಯಿ ಕೊಟ್ಟು 7 ಹಾಕಿಸಿದೆವು.

ಸಂಜೆ ಲ್ಯಾಪ್‌ಟಾಪ್ ಕೈಗೆ ಬಂತು. ಸ್ಟಾರ್ಟ್ ಬಟನ್ ಇತ್ತು. ಡಿ ಡ್ರೈವ್ ಖಾಲಿ ಇತ್ತು.

ಆ ಡ್ರೈವಿನಲ್ಲಿ ನಮ್ಮ ಪ್ರಾಜೆಕ್ಟಿನ ಧ್ವನಿಮುದ್ರಣಗಳಿದ್ದವು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳನ್ನು ಮಾತಾಡಿಸಿ ತಂದದ್ದು. ಅವರಲ್ಲಿ ಒಬ್ಬರು ಎಂಬತ್ತು ದಾಟಿದ ಅಜ್ಜ. ಯಾವ ತಿಂಗಳು ಯಾವ ತೂಬು, ಬರದ ವರ್ಷ ಯಾರಿಗೆ ಎಷ್ಟು ಹೊತ್ತು ನೀರು ಎಂದು ಒಂದು ಮಧ್ಯಾಹ್ನವೆಲ್ಲಾ ಕೂತು ಹೇಳಿದ್ದರು. ಮತ್ತೆ ಹೋಗಿ ರೆಕಾರ್ಡ್ ಮಾಡಿಕೊಂಡರಾಯಿತು ಅಂದುಕೊಂಡೆವು. ಪರೀಕ್ಷೆ, ಕೆಲಸ ಹುಡುಕಾಟದಲ್ಲಿ ತಿಂಗಳುಗಳು ಹೋದವು. ದೀಪಾವಳಿ ಹೊತ್ತಿಗೆ ಅಜ್ಜ ತೀರಿಕೊಂಡರು.

ಅಂಗಡಿಯವನು ಕೇಳಲಿಲ್ಲ, ನಿಜ. ಡಿ ಡ್ರೈವ್ ಮುಟ್ಟಬೇಡಿ ಎಂದು ನಾವೂ ಹೇಳಿರಲಿಲ್ಲ. ಫಾರ್ಮ್ಯಾಟ್ ಅಂದರೆ ಸಿ ಡ್ರೈವ್ ಮಾತ್ರ ಎಂದು ನಂಬಿದ್ದೆವು.

ಇಡೀ ಡಿಸ್ಕ್ ಯಾಕೆ ಅಳಿಸಿದರು ಎಂಬುದು ನಮಗೆ ತಿಳಿದದ್ದು ಮೂರು ವರ್ಷದ ಮೇಲೆ. ವಿಂಡೋಸ್ 8ರ ಜೊತೆ ಬಂದ ಲ್ಯಾಪ್‌ಟಾಪುಗಳಲ್ಲಿ ಹಳೇ ಬಯಾಸ್ ಬದಲು ‘ಯುಇಎಫ್‌ಐ’ ಇತ್ತು, ‘ಸೆಕ್ಯೂರ್ ಬೂಟ್’ ಎಂಬ ಕಾವಲು ಇತ್ತು, ಡಿಸ್ಕನ್ನು ಭಾಗ ಮಾಡುವ ಕ್ರಮವೂ ‘ಜಿಪಿಟಿ’ ಎಂಬ ಹೊಸದಾಗಿತ್ತು. ಅಂಗಡಿಯ 7ರ ಡಿವಿಡಿ ಓಡಲು ಕಾವಲು ಆಫ್ ಮಾಡಿ, ‘ಲೆಗಸಿ’ ಮೋಡ್ ಆನ್ ಮಾಡಿ, ಡಿಸ್ಕನ್ನು ಹಳೆಯ ‘ಎಂಬಿಆರ್’ ಕ್ರಮಕ್ಕೆ ತರುತ್ತಿದ್ದರು. ಅದಕ್ಕೆ ಡಿಸ್ಕಿನ ಎಲ್ಲ ಭಾಗವನ್ನೂ ಅಳಿಸಬೇಕು. ರಿಕವರಿ ಭಾಗದ ಜೊತೆ ಅಜ್ಜನ ಮಾತೂ ಹೋಯಿತು.

ಕೀ ಮಿಷನ್ನಿನೊಳಗೇ ಇತ್ತು

2015ರ ಜುಲೈ 29ಕ್ಕೆ ವಿಂಡೋಸ್ 10 ಬಂತು, ಪೂರ್ತಿ ಸ್ಟಾರ್ಟ್ ಮೆನು ಮರಳಿತು. 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಉಚಿತ ಎಂದರು. ಆದರೆ ನಮ್ಮ 7 ಅಸಲಿ ಅಲ್ಲ. ಪರದೆ ಕಪ್ಪಾಗಿ, ಇದು ಅಸಲಿ ಪ್ರತಿಯಲ್ಲ ಎಂಬ ಸಾಲು ಮೂಲೆಯಲ್ಲಿ ಕೂತಿತ್ತು. ನಮಗೆ ಈ ಕೊಡುಗೆ ಇಲ್ಲ ಎಂದೇ ಸುಮ್ಮನಿದ್ದೆವು.

ನಮಗೆ ಗೊತ್ತಿಲ್ಲದ ಸಂಗತಿ ಬೇರೆಯೇ ಇತ್ತು. ವಿಂಡೋಸ್ 8ರಿಂದ ಮುಂದೆ ಕಂಪನಿಗಳು ಕೀ ಚೀಟಿ ಅಂಟಿಸುವುದು ಬಿಟ್ಟು, ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆಯತೊಡಗಿದ್ದವು. ಡಿಸ್ಕನ್ನು ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಅದು ಅಳಿಯುವುದಿಲ್ಲ. 2015ರ ನವೆಂಬರ್‌ನಲ್ಲಿ ಬಂದ 10ರ 1511 ಆವೃತ್ತಿಯಿಂದ, 7, 8, 8.1ರ ಅಸಲಿ ಕೀಗಳನ್ನು 10 ನೇರವಾಗಿ ಒಪ್ಪಿಕೊಳ್ಳುತ್ತಿತ್ತು.

2016ರ ಜುಲೈನಲ್ಲಿ, ಗಡುವಿಗೆ ಮುಂಚೆ, ಈ ಸಲ ನಾವೇ ಕೂತೆವು. ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿದ ಮೇಲೆಯೇ ಮುಂದಿನ ಕೆಲಸ. ಮೈಕ್ರೋಸಾಫ್ಟಿನ ಸೈಟಿನಿಂದ ಪೆನ್‌ಡ್ರೈವ್‌ಗೆ 10 ಇಳಿಸಿಕೊಂಡೆವು. ಲೆಗಸಿ ತೆಗೆದು ಯುಇಎಫ್‌ಐ ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡಿದೆವು. ಡಿಸ್ಕ್ ಎಂಬಿಆರ್ ಆಗಿದೆ, ಹಾಕಲಾಗದು ಎಂದು ತಕರಾರು ಬಂತು. ಹಳೇ ಭಾಗಗಳನ್ನು ಅಳಿಸಿದಾಗ ಅದೇ ಜಿಪಿಟಿ ಮಾಡಿಕೊಂಡಿತು. ಕೀ ಕೇಳಲೇ ಇಲ್ಲ, ಚಿಪ್ಪಿನಿಂದ ಓದಿಕೊಂಡಿತು. ಇಂಟರ್ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಯಿತು.

ಒಂದು ಗಾಬರಿ ಮಾತ್ರ ಆಯಿತು. ಹಳೇ ವರದಿಗಳನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಫೈಲ್ ಹಾಳಾಗಿರಲಿಲ್ಲ. ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸುವಂಥವು. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇರಲಿಲ್ಲ ಅಷ್ಟೇ. ನುಡಿ ಹಾಕಿದ ಮೇಲೆ ಎಲ್ಲವೂ ಕಂಡಿತು. ಆಮೇಲೆ ನಿಧಾನವಾಗಿ ಯುನಿಕೋಡಿಗೆ ಬದಲಿಸಿಕೊಂಡೆವು.

ಮರುವರ್ಷ, 2017ರ ಮೇ 12ರಂದು ‘ವನ್ನಾಕ್ರೈ’ ಜಗತ್ತಿನಾದ್ಯಂತ ಹರಡಿತು. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ಸು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ನಿಂತಿತು. ಅದಕ್ಕೆ ಮದ್ದಾದ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಅಪ್‌ಡೇಟ್ ಆಗದ ವಿಂಡೋಸ್ 7 ಮಿಷನ್ನುಗಳು. ಅಸಲಿ ಅಲ್ಲದ 7 ಹಾಕಿದ ಅಂಗಡಿಯವರು, ಸಿಕ್ಕಿಬೀಳಬಾರದೆಂದು ಅಪ್‌ಡೇಟನ್ನೇ ಆಫ್ ಮಾಡಿ ಕೊಡುತ್ತಿದ್ದರು. ನಮ್ಮದರಲ್ಲೂ ಮೂರು ವರ್ಷ ಹಾಗೇ ಇತ್ತು.

ಈಗ 10ರಿಂದ 11ಕ್ಕೆ

ಈಗ ಫೋನಿನ ಪ್ರಶ್ನೆಗೆ ಬರೋಣ. 2021ರ ಅಕ್ಟೋಬರ್ 5ಕ್ಕೆ ಬಂದ ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಮಾಡಬಲ್ಲ ಯುಇಎಫ್‌ಐ, ‘ಟಿಪಿಎಂ 2.0’ ಎಂಬ ಭದ್ರತಾ ಚಿಪ್ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. 11ರ ಜೊತೆಗೇ ಬಂದ ಲ್ಯಾಪ್‌ಟಾಪಿನಲ್ಲಿ ಇವೆಲ್ಲ ಇದ್ದೇ ಇರುತ್ತವೆ. 10 ಹಾಕುವಾಗ ಟಿಪಿಎಂ ಆಫ್ ಮಾಡಿದ್ದರೆ, ಅಥವಾ ಲೆಗಸಿಗೆ ತಿರುಗಿಸಿದ್ದರೆ, ತಪಾಸಣೆಯಲ್ಲಿ ‘ಈ ಪಿಸಿಗೆ 11 ಆಗದು’ ಎಂದು ಬರುತ್ತದೆ. ಅದನ್ನು ನೋಡಿಯೇ ಹೊಸದು ಕೊಳ್ಳಿ ಎನ್ನುತ್ತಾರೆ.

ಸ್ಟಾರ್ಟ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಹುಡುಕಿ ತೆರೆಯಿರಿ. ‘ಬಯಾಸ್ ಮೋಡ್’ ಎದುರು ಲೆಗಸಿ ಎಂದಿದ್ದರೆ ಗುಟ್ಟು ಸಿಕ್ಕಿತು. ಟಿಪಿಎಂ ಬಯಾಸ್‌ನಲ್ಲಿ ಬೇರೆ ಹೆಸರಲ್ಲಿರುತ್ತದೆ. ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’. 2017ರಿಂದ 10ರಲ್ಲೇ ‘ಎಂಬಿಆರ್2ಜಿಪಿಟಿ’ ಎಂಬ ಸಾಧನವಿದೆ. ಫೈಲ್ ಅಳಿಸದೆ ಡಿಸ್ಕನ್ನು ಜಿಪಿಟಿ ಮಾಡುತ್ತದೆ. ಮೊದಲು ಅದನ್ನು ಓಡಿಸಿ, ಆಮೇಲೆ ಯುಇಎಫ್‌ಐಗೆ ಬದಲಿಸಬೇಕು. ಆದರೂ ಕಾಪಿ ಮಾಡಿಟ್ಟುಕೊಳ್ಳದೆ ಮುಟ್ಟಬೇಡಿ. ಕೀ ಚಿಂತೆ ಬೇಡ, ಅದು ಚಿಪ್ಪಿನಲ್ಲಿದೆ. ಹೋಮ್ ಜೊತೆ ಬಂದಿದ್ದರೆ ಹೋಮ್, ಪ್ರೊ ಬಂದಿದ್ದರೆ ಪ್ರೊ ಹಾಕಿದರೆ ಸಾಕು.

ಒಂದು ಎಚ್ಚರಿಕೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ, ಬಯಾಸ್ ಬದಲಿಸಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ನಿಜಕ್ಕೂ ಹಳೆಯ ಮಿಷನ್ ಆಗಿದ್ದು 11 ಆಗದಿದ್ದರೂ ನಾಳೆಯೇ ಬಿಸಾಡಬೇಕಿಲ್ಲ. 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಹೆಚ್ಚುವರಿ ವ್ಯವಸ್ಥೆ ಇದೆ. ತಾನಾಗಿ ಬರುವುದಿಲ್ಲ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು.

ಅಂಗಡಿಗೆ ಕೊಡುವುದಾದರೆ ಮೂರು ಮಾತು ಕೇಳಿ. ಡಿ ಡ್ರೈವ್ ಸೇರಿ ಯಾವ ಯಾವ ಭಾಗ ಅಳಿಸುತ್ತೀರಿ? ಬಯಾಸ್‌ನಲ್ಲಿ ಏನೇನು ಬದಲಿಸುತ್ತೀರಿ, ಬರೆದು ಕೊಡುತ್ತೀರಾ? ಹಾಕುವ ವಿಂಡೋಸ್ ಅಸಲಿಯಾ, ಅಪ್‌ಡೇಟ್ ಆನ್ ಇರುತ್ತದಾ? ಕೇಳಲು ಸಂಕೋಚವಾದರೆ ಈ ಬರಹವನ್ನೇ ಫೋನಿನಲ್ಲಿ ತೋರಿಸಿ.

ಆ ಲ್ಯಾಪ್‌ಟಾಪ್ ಈಗ ನಮ್ಮಲ್ಲಿಲ್ಲ. ಆದರೆ ಅಂದಿನಿಂದ ಯಾರದೇ ಮಾತು ರೆಕಾರ್ಡ್ ಮಾಡಿಕೊಂಡರೂ ಅದೇ ದಿನ ರಾತ್ರಿ ಎರಡು ಕಡೆ ಕಾಪಿ ಇಡುತ್ತೇವೆ. ನೀರುಗಂಟಿ ಅಜ್ಜ ಹೇಳಿದ್ದರಲ್ಲಿ ನಮಗೆ ನೆನಪಿದ್ದಷ್ಟನ್ನು ಮೂವರೂ ಕೂತು ಬರೆದಿಟ್ಟಿದ್ದೇವೆ. ನಾಲ್ಕು ಪುಟವಾಯಿತು.