ಏಕವಚನವಲ್ಲದ ‘ಸರ್ಕಾರ’: ಮುಂಬಯಿಯ ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಕಾನೂನು

ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಸಮಾನತೆಗಾಗಿ ಸರ್ಕಾರ ಏನು ಮಾಡಿತು ಎಂದು ಕೇಳುವಾಗ ನಾವು ‘ಸರ್ಕಾರ’ ಎಂಬ ಪದವನ್ನು ಏಕವಚನವಾಗಿಯೇ ಗ್ರಹಿಸುತ್ತೇವೆ. ಮುಂಬಯಿಯ ಚರಿತ್ರೆ ಈ ಗ್ರಹಿಕೆಯನ್ನು ಒಪ್ಪುವುದಿಲ್ಲ.

1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ‘ನಿಸರ್ಗವಿರುದ್ಧ’ ಸಂಭೋಗವನ್ನು ಅಪರಾಧವೆಂದು ಸಾರಿತ್ತು. ಅದು ಜಾರಿಯಲ್ಲಿದ್ದಾಗಲೇ, 1990ರಲ್ಲಿ, ಅಶೋಕ ರಾವ್ ಕವಿಯವರು ಮುಂಬಯಿಯಲ್ಲಿ ‘ಬಾಂಬೆ ದೋಸ್ತ್’ ಪತ್ರಿಕೆಯನ್ನು ಆರಂಭಿಸಿದರು. 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಸ್ಥಾಪನೆಯಾಯಿತು. ಏಡ್ಸ್ ತಡೆಯ ಕಾರ್ಯದಲ್ಲಿ ತೊಡಗಿದ ಈ ಸಂಸ್ಥೆಗೆ ನೆಲೆ ದೊರೆತದ್ದು ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ, ಮಹಾನಗರಪಾಲಿಕೆಯ ಕಟ್ಟಡದಲ್ಲಿ ಎಂಬುದು ಗಮನಾರ್ಹ. ದಂಡ ಸಂಹಿತೆ ಅಪರಾಧಿಗಳೆಂದು ಕಂಡವರನ್ನು ನಗರಾಡಳಿತ ಆರೋಗ್ಯಕಾರ್ಯದ ಸಹಭಾಗಿಗಳೆಂದು ಕಂಡಿತ್ತು.

ಇದೇ ಇಬ್ಬಂದಿತನ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಬಯಲಾಯಿತು. 377ನೆಯ ಕಲಮು ಉಳಿಯಬೇಕೆಂದು ಕೇಂದ್ರ ಗೃಹ ಸಚಿವಾಲಯವು ವಾದಿಸಿದರೆ, ಆರೋಗ್ಯ ಸಚಿವಾಲಯದ ಏಡ್ಸ್ ನಿಯಂತ್ರಣ ಸಂಸ್ಥೆಯು ಅದು ರೋಗ ತಡೆಗೆ ಅಡ್ಡಿಯೆಂದು ಪ್ರಮಾಣಪತ್ರ ಸಲ್ಲಿಸಿತು. 2009ರ ಜುಲೈ 2ರಂದು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧಮುಕ್ತವಾಯಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. 2018ರ ಸೆಪ್ಟೆಂಬರ್ 6ರಂದು ತಾನೇ ಅದನ್ನು ತಿದ್ದಿಕೊಂಡಿತು. ಆಗ ಕೇಂದ್ರವು ಆ ಪ್ರಶ್ನೆಯನ್ನು ನ್ಯಾಯಾಲಯದ ವಿವೇಕಕ್ಕೇ ಬಿಟ್ಟಿತ್ತು.

ಲಿಂಗತ್ವವನ್ನು ಸ್ವತಃ ನಿರ್ಧರಿಸಿಕೊಳ್ಳುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಮಾನ್ಯಮಾಡಿತ್ತು. ಆ ಮೊಕದ್ದಮೆಯಲ್ಲಿ ಠಾಣೆಯ ಲಕ್ಷ್ಮೀ ನಾರಾಯಣ ತ್ರಿಪಾಠಿಯವರ ಅಹವಾಲೂ ಇತ್ತು. ಮಹಾರಾಷ್ಟ್ರ ಸರ್ಕಾರವು 2020ರಲ್ಲಿ ‘ತೃತೀಯಪಂಥಿ’ಗಳಿಗಾಗಿ ಕಲ್ಯಾಣ ಮಂಡಳಿಯನ್ನು ರಚಿಸಿತು. ಆದರೆ 2022ರಲ್ಲಿ ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ಇವರಿಗೂ ಅವಕಾಶವಿರಬೇಕೆಂದು ರಾಜ್ಯದ ಆಡಳಿತ ನ್ಯಾಯಮಂಡಳಿ ಆದೇಶಿಸಿದಾಗ, ಅದೇ ಸರ್ಕಾರ ಬಾಂಬೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯದ ಕಟು ಮಾತಿನ ಬಳಿಕವೇ ಅರ್ಜಿಯಲ್ಲಿ ಮೂರನೆಯ ಆಯ್ಕೆಯನ್ನು ಸೇರಿಸಲು ಒಪ್ಪಿತು.

ಕರ್ನಾಟಕದ ನಿದರ್ಶನವೂ ಇದಕ್ಕೆ ಹೊರತಲ್ಲ. ಈ ಸಮುದಾಯದವರ ಹೆಸರು, ವಿಳಾಸಗಳ ದಾಖಲೆಯಿಡುವ ಅಧಿಕಾರವನ್ನು ಪೊಲೀಸರಿಗೆ ನೀಡಿದ 36ಎ ಕಲಮು 2011ರಲ್ಲಿ ಅಲ್ಲಿನ ಪೊಲೀಸ್ ಕಾಯ್ದೆಯನ್ನು ಸೇರಿತು. ಅವರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಸಮತಲ ಮೀಸಲಾತಿಯನ್ನು 2021ರಲ್ಲಿ ಕಲ್ಪಿಸಿದ್ದೂ ಅದೇ ರಾಜ್ಯವೇ.

ಆದುದರಿಂದ ಸಂಶೋಧಕರು ‘ಸರ್ಕಾರದ ಪ್ರಯತ್ನ’ ಎಂದು ಬರೆಯುವ ಮುನ್ನ ಯಾವ ಇಲಾಖೆ, ಯಾವ ವರ್ಷ, ಯಾರ ಒತ್ತಾಯದಿಂದ ಎಂದು ಕೇಳಿಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಹಾಗೆ ಕೇಳದಿದ್ದರೆ, ಅರ್ಜಿಯ ಎರಡೇ ಅಂಕಣಗಳ ಮುಂದೆ ಲೇಖನಿ ಹಿಡಿದು ಕುಳಿತವರು ನಡೆಸಿದ ಹೋರಾಟವನ್ನು ಸರ್ಕಾರದ ಔದಾರ್ಯವೆಂದು ದಾಖಲಿಸಿದ ಅಪಚಾರ ನಮ್ಮದಾದೀತು.